ಮಾಕ್ ಚಿಕ್, ಮಾಚಿಕಾಯಿ, ಮಸಿ

ಮಲೇಷ್ಯಾದ ಪೆಟಾಲಿಂಗ್ ಜಯದಲ್ಲಿ ನನ್ನ ಮಗನ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ತಂತಿ ಬೇಲಿ. ಆ ಬೇಲಿ ಇಲ್ಲದೆ ಹೋಗಿದ್ದರೆ ನಾನು ಬಂದ ಹದಿನೈದು ದಿನಕ್ಕೇ ತೀರ್ಥಹಳ್ಳಿಗೆ ವಾಪಸು ಹೋಗಿರುತ್ತಿದ್ದೆ. ಮಗ, ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದರೆ ದೀಪ ಹಚ್ಚಿದ ಮೇಲೆಯೇ ಮುಖ ತೋರಿಸುವುದು. ನಮ್ಮವಳಿಗೆ ಫೋನಿದೆ, ಫೋನಿನೊಳಗೆ ಅಕ್ಕತಂಗಿಯರೆಲ್ಲ ಇದ್ದಾರೆ. ನನಗೆ ಬೇಲಿ ಇದೆ, ಬೇಲಿಯಾಚೆ ಮಾಕ್ ಚಿಕ್ ಇದ್ದಾರೆ.

ಮಾಕ್ ಚಿಕ್ ಅನ್ನುವುದು ಅವರ ಹೆಸರಲ್ಲ, ಬೀದಿಯ ಮಕ್ಕಳೆಲ್ಲ ಕರೆಯುವ ರೀತಿ. ಮಲಯ ಭಾಷೆಯಲ್ಲಿ ಮಾಕ್ ಅಂದರೆ ಅಮ್ಮ, ಚಿಕ್ ಅಂದರೆ ಚಿಕ್ಕ. ನೆಟ್ಟಗೆ ನಮ್ಮ ಚಿಕ್ಕಮ್ಮನೇ! ಇದು ಗೊತ್ತಾದ ದಿನದಿಂದ ನಾನೂ ಹಾಗೇ ಕರೆಯುತ್ತೇನೆ. ಅವರು ನನ್ನನ್ನು ಅಂಕಲ್ ಅನ್ನುತ್ತಾರೆ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು; ಹೀಗೆ ಕರೆದುಕೊಂಡು ತಾನೇ ಚಿಕ್ಕವರು ಅಂತ ಇಬ್ಬರೂ ಒಳಗೊಳಗೇ ಖುಷಿಪಡುತ್ತೇವೆ. ಅವರಿಗೆ ಅರ್ಧ ಇಂಗ್ಲಿಷು ಬರುತ್ತೆ, ನನಗೆ ಇನ್ನರ್ಧ. ಸೇರಿಸಿದರೆ ಒಂದು ಪೂರ್ತಿ ಸಂಸಾರ ನಡೆಯುವಷ್ಟು ಮಾತಾಗುತ್ತೆ.

ಇಷ್ಟಕ್ಕೂ ಈಗ ಹೇಳಹೊರಟಿದ್ದು ಮಸಿಯ ವಿಷಯ.

ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವವರೆಗೂ ಊರಿನವರ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ದಪ್ಪ ದಪ್ಪ ಪುಸ್ತಕಗಳಿಗೆ ಕೈಯಲ್ಲೇ ನಕಲು ಮಾಡಿದ್ದೇನೆ. ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಕನ್ನಡ ಅಂಕಿಯಲ್ಲಿ, ಬ್ಲೂ ಬ್ಲ್ಯಾಕ್ ಮಸಿಯಲ್ಲಿ. ಬಲಗೈ ನಡುಬೆರಳಿನ ಪಕ್ಕದ ಜಡ್ಡು ಇನ್ನೂ ಕರಗಿಲ್ಲ. ಮಗನಿಗೆ ಇದು ಗೊತ್ತು. ಒಂದು ಭಾನುವಾರ ಕೌಲಾಲಂಪುರದ ಮಾಲೊಂದರಲ್ಲಿ ಪೆನ್ನಿನಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ, “ಅಪ್ಪಾ, ಏನು ಬೇಕೋ ತಗೋ” ಅಂದ. ನಾನು ತಗೊಂಡಿದ್ದು 60 ಮಿಲಿಲೀಟರಿನ ಒಂದು ಮಸಿ ಶೀಸೆ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮವಳು ನಾನು ಬರೆದದ್ದನ್ನೆಲ್ಲ ಓದುತ್ತಾಳೆ.

ಜಪಾನಿನ ಪ್ಲಾಟಿನಂ ಕಂಪನಿ 2017ರಲ್ಲಿ ಆರು ಬಣ್ಣಗಳಲ್ಲಿ ಹೊರತಂದ ಕ್ಲಾಸಿಕ್ ಮಸಿಗಳಲ್ಲಿ ಇದೊಂದು. ಹೆಸರು ಸಿಟ್ರಸ್ ಬ್ಲ್ಯಾಕ್. ಆರೂ ಬಣ್ಣಗಳ ಹೆಸರಿನ ಕೊನೆಗೆ ಕಪ್ಪು ಇದ್ದೇ ಇದೆ, ಏಕೆಂದರೆ ಆರರ ನಡಿಗೆಯೂ ಕಪ್ಪಿನ ಕಡೆಗೇ. ಬರೆಯುವಾಗ ಒಂದು ಬಣ್ಣ, ಗಾಳಿ ಕುಡಿದ ಮೇಲೆ ಇನ್ನೊಂದು.

ಮಾರನೆಯ ಬೆಳಗ್ಗೆ ಪೆನ್ನಿಗೆ ಮಸಿ ತುಂಬಿ, ಕಾಗದ ಹಿಡಿದು ಬೇಲಿಗೆ ಹೋದೆ. ಮಾಕ್ ಚಿಕ್ ಕುಂಡದ ಗಿಡಗಳಿಗೆ ನೀರು ಹಾಕುತ್ತಿದ್ದರು. “ನೋಡಿ ಇಲ್ಲಿ” ಅಂತ ಬೇಲಿಯ ಕಂಬದ ಮೇಲೆ ಕಾಗದವಿಟ್ಟು ‘ಶ್ರೀ’ ಬರೆದೆ. ಕಾಗದದ ಮೇಲೆ ಬಂದದ್ದು ನಿಂಬೆಸಿಪ್ಪೆಯ ಹಳದಿ. ಅವರು ಕನ್ನಡಕ ಹಣೆಗೇರಿಸಿ, ಇಳಿಸಿ ನೋಡಿ, “ಅಂಕಲ್, ಅರಿಶಿನ ನೀರಾ?” ಅಂದರು. “ತಡೀರಿ” ಅಂದೆ. ತಡೆದೆವು. ಮೊದಲು ಬಣ್ಣ ತಿರುಗಿದ್ದು ಪೆನ್ನು ಒಂದು ಗಳಿಗೆ ನಿಂತು ತಿರುಗುವ ಜಾಗಗಳಲ್ಲಿ: ಶಕಾರದ ಹೊಟ್ಟೆಯಲ್ಲಿ, ದೀರ್ಘದ ತುದಿಯಲ್ಲಿ, ಒತ್ತಿನ ಬಾಲದಲ್ಲಿ. ಮಸಿ ಎಲ್ಲಿ ಹೆಚ್ಚು ನಿಂತಿತ್ತೋ ಅಲ್ಲಿ ಮೊದಲು ಹೆಸರುಕಾಳಿನ ಸಿಪ್ಪೆಯ ಬಣ್ಣ, ಆಮೇಲೆ ಬಾಡಿದ ವೀಳ್ಯದೆಲೆಯ ಬಣ್ಣ. ಸಂಜೆ ಹೊತ್ತಿಗೆ ಪೂರ್ತಿ ಅಕ್ಷರ ಹಳೆಯ ಹಿತ್ತಾಳೆ ಚೊಂಬಿನ ತಳದಂತಾಗಿತ್ತು. ಕಾಗದವನ್ನು ನಲ್ಲಿಯ ಕೆಳಗೆ ಹಿಡಿದೆ. ಹಳದಿ ಹರಿದುಹೋಯಿತು, ಕರಿಗೆರೆ ಅಲ್ಲಾಡಲಿಲ್ಲ.

“ಈ ದಾಕ್ವಾತಿನಲ್ಲಿ ಏನಿದೆ?” ಅಂತ ಮರುದಿನ ಬೆಳಗ್ಗೆ ಕೇಳಿದರು ಮಾಕ್ ಚಿಕ್. ಮಲಯದಲ್ಲಿ ಮಸಿಗೆ ದಾಕ್ವಾತ್ ಅನ್ನುತ್ತಾರೆ. ನನಗೆ ನಗು ಬಂತು. ನಮ್ಮ ಅಜ್ಜನ ಕಾಲದಲ್ಲಿ ಮಸಿಕುಡಿಕೆಗೆ ದೌತಿ ಅನ್ನುತ್ತಿದ್ದರು. ಎರಡರ ಬೇರೂ ಅರಬ್ಬಿಯ ದವಾತ್. ಒಂದು ಹಡಗು ಹತ್ತಿ ಈ ಕಡೆ ಬಂದು ಮಸಿಯಾಯಿತು, ಇನ್ನೊಂದು ಪಾರಸಿ, ಮರಾಠಿ ದಾಟಿ ನಮ್ಮ ಕಡೆ ಬಂದು ಕುಡಿಕೆಯಾಯಿತು. ಮಸಿ ಅವರ ಪಾಲಿಗೆ, ಕುಡಿಕೆ ನಮ್ಮ ಪಾಲಿಗೆ.

ಏನಿದೆ ಅಂತ ವಿವರಿಸಲು ಹೊರಟೆ. ಓಕ್ ಅಂತ ಒಂದು ಮರ, ಅದರ ಚಿಗುರಿಗೆ ಒಂದು ಪುಟ್ಟ ಕಣಜ ಮೊಟ್ಟೆ ಇಡುತ್ತೆ, ಮರ ಅದರ ಸುತ್ತ ಗಂಟು ಕಟ್ಟುತ್ತೆ, ಹುಳು ಆ ಗಂಟಿನೊಳಗೇ ಉಂಡು ಬೆಳೆದು ತೂತು ಕೊರೆದು ಹಾರಿಹೋಗುತ್ತೆ. ಆ ಗಂಟಿನ ರಸದಿಂದ ಮಸಿ. ಓಕ್ ಮರವನ್ನು ನಾನೂ ನೋಡಿಲ್ಲ, ಅವರೂ ನೋಡಿಲ್ಲ. ಕೊನೆಗೆ ಫೋನಿನಲ್ಲಿ ಗಂಟಿನ ಚಿತ್ರ ತೆಗೆದು ತೋರಿಸಿದೆ. ಮಾಕ್ ಚಿಕ್ ಫೋನನ್ನು ಹತ್ತಿರ ತಂದುಕೊಂಡು, “ಇದು ಮಂಜಾಕಾನಿ ಅಲ್ಲವಾ!” ಅಂದವರೇ ಒಳಗೆ ಹೋಗಿ ಬಿದಿರಿನ ಮೊರದಲ್ಲಿ ಒಂದು ಹಿಡಿ ತಂದರು.

ಅವರ ಮನೆಯಲ್ಲಿ ಮಗಳ ಬಾಣಂತನ ನಡೆಯುತ್ತಿತ್ತು. ಮಲಯರಲ್ಲಿ ಅದಕ್ಕೆ ಪಾಂತಾಂಗ್ ಅನ್ನುತ್ತಾರೆ, 44 ದಿನ. ಹೊಟ್ಟೆಗೆ ಉದ್ದ ಬಟ್ಟೆ ಸುತ್ತುವುದು, ತಣ್ಣೀರು ಮುಟ್ಟದಿರುವುದು, ಬಿಸಿ ಕಲ್ಲಿನ ಕಾವು, ಬೇರು ತೊಗಟೆಗಳ ಕಷಾಯ. ಹೊಸ ವಿಷಯ ಅಂತ ನಮ್ಮವಳಿಗೆ ಹೇಳಿದರೆ, “ಇದರಲ್ಲಿ ಹೊಸದೇನಿದೆ? ನಮ್ಮಮ್ಮ ನನಗೆ ಮಾಡಿದ್ದೂ ಇದೇ” ಅಂದಳು. ಆ ಬಾಣಂತನದ ಸಾಮಾನಿನಲ್ಲಿ ಒಂದು ಈ ಮಂಜಾಕಾನಿ.

ಮೊರದಿಂದ ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ಗೋಲಿಯಷ್ಟು ಗಾತ್ರ, ಗಾತ್ರಕ್ಕೆ ಮೀರಿದ ಭಾರ, ಬೂದಿ ಮೆತ್ತಿದ ಕಂದು ಮೈ, ಅಲ್ಲಲ್ಲಿ ಮೊಡವೆಯಂಥ ಉಬ್ಬು, ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿದಂಥ ಒಂದು ತೂತು. ಮೂಗಿನ ಹತ್ತಿರ ತಂದರೆ ವಾಸನೆ ಇಲ್ಲ. ನಾಲಗೆಯ ತುದಿಗೆ ತಾಗಿಸಿದೆ ನೋಡಿ, ಬಾಯೆಲ್ಲ ಹಿಂಡಿದ ಹಾಗೆ ಒಗರು! ಆ ಒಗರಿನ ಜೊತೆ ಅಜ್ಜಿಯ ತಗಡಿನ ಡಬ್ಬಿ ಎದುರಿಗೆ ಬಂದು ನಿಂತಿತು. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ. ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ಇಷ್ಟಿಷ್ಟೇ ತೇಯ್ದು ಕೂಸಿನ ಬಾಯಿಗೆ ನೆಕ್ಕಿಸುತ್ತಿದ್ದರು. ನನಗೂ ನೆಕ್ಕಿಸಿರಬೇಕು. “ಮಾಚಿಕಾಯಿ!” ಅಂತ ಕೂಗಿದೆ. ಒಳಗಿದ್ದ ನಮ್ಮವಳು ಫೋನು ಬಿಟ್ಟು ಓಡಿಬಂದಳು. “ಮಂಜಾಕಾನಿ” ಅಂದರು ಮಾಕ್ ಚಿಕ್. ಆ ಕಾನಿಯೊಳಗೆ ನಮ್ಮ ಕಾಯಿಯೇ ಕೂತಿದೆ ಅಂತ ನನ್ನ ಕಿವಿ ಹೇಳುತ್ತೆ.

ಕಾಯಿ ಅಂತ ಕರೆದರೂ ಅದು ಕಾಯಿಯಲ್ಲ. ಮಾಯಾಫಲ ಅನ್ನುವ ಹೆಸರೂ ಉಂಟು, ಆದರೆ ಫಲವೂ ಅಲ್ಲ. ಹುಳು ಬಿಟ್ಟುಹೋದ ಬಾಡಿಗೆ ಮನೆ. ಹುಳು ಒಳಗಿರುವಾಗಲೇ ಕಿತ್ತ, ತೂತಿಲ್ಲದ ಮಾಚಿಕಾಯಿಯಲ್ಲಿ ಒಗರು ಹೆಚ್ಚು, ಮಸಿಗೆ ಅದೇ ಉತ್ತಮ. ಇದರ ಮರ ಬೆಳೆಯುವುದು ಟರ್ಕಿ, ಸಿರಿಯಾ, ಇರಾನ್ ಕಡೆ. ನಮ್ಮ ಮಲೆನಾಡಿನಲ್ಲೂ ಇಲ್ಲ, ಮಲಯ ನಾಡಿನಲ್ಲೂ ಇಲ್ಲ. ಎರಡೂ ಊರಿನ ಅಜ್ಜಿಯರು ಮಾತ್ರ ಅದು ತಮ್ಮ ಹಿತ್ತಲದ್ದೇ ಅನ್ನುವ ಹಾಗೆ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಜಪಾನಿನ ಶೀಸೆಗೆ ನಾನು ಸುರಿದ ದುಡ್ಡು ನೆನಪಾಗಿ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಯಿತು.

ಸಂಕಟಕ್ಕೆ ಮದ್ದು ಪ್ರಯೋಗ. ಮಾಕ್ ಚಿಕ್ ಒಂದು ಕಾಯಿಯನ್ನು ಒರಳಿನಲ್ಲಿ ಜಜ್ಜಿ ಬಿಸಿನೀರಿಗೆ ಹಾಕಿದರು. ಹಾಲಿಲ್ಲದ ಚಹಾದ ಬಣ್ಣ ಬಂತು. ಬೇಲಿಯಿಂದ ತುಕ್ಕು ಹಿಡಿದ ಒಂದು ತುಂಡು ತಂತಿ ಮುರಿದು ಅದರ ಮೇಲೆ ಎರಡು ಹನಿ ಬಿಟ್ಟೆ. ಕಣ್ಣೆದುರೇ ಹನಿ ಕಪ್ಪಾಯಿತು. ಮಾಕ್ ಚಿಕ್ “ಅಲಾಮಾಕ್!” ಅಂದರು. ನಮ್ಮವಳಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. “ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಹೀಗೇ ಅಲ್ಲವಾ? ಮಣೆಯೂ ಕಪ್ಪು, ಕೈಯೂ ಕಪ್ಪು. ನೆಲ್ಲಿಕಾಯನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿ ನೋಡಿ.” ನಮ್ಮೂರಿನ ಅಡಕತ್ತರಿಯ ಬಾಯಿ ಸದಾ ಯಾಕೆ ಕಪ್ಪಗಿರುತ್ತಿತ್ತು ಅನ್ನುವುದು ಇಷ್ಟು ವರ್ಷದ ಮೇಲೆ ಹೊಳೆಯಿತು. ಅಡಿಕೆಯ ಚೊಗರೂ ಒಗರೇ. ಒಗರು ಪ್ಲಸ್ ಕಬ್ಬಿಣ ಇಸ್ ಈಕ್ವಲ್ ಟು ಕಪ್ಪು, ಇಷ್ಟೇ ಸೂತ್ರ. ನಮ್ಮ ಹಿರಿಯರು ಅಳಲೆಕಾಯಿ ಜಜ್ಜಿ ನೆನೆಸಿ, ಅದಕ್ಕೆ ಅನ್ನಭೇದಿ ಹಾಕಿ ಮಾಡುತ್ತಿದ್ದ ಮಸಿಯೂ ಇದೇ. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ಭಾರತೀಯ ಮಾನಕ ಐಎಸ್ 220 ಇದನ್ನೇ ಫೆರೋ ಗ್ಯಾಲೋ ಟ್ಯಾನೇಟ್ ಅನ್ನುತ್ತೆ, ಕಬ್ಬಿಣ ಶೇಕಡಾ 0.1 ಅನ್ನುತ್ತೆ. ಬಾಳೆಕಾಯಿ ಹೆಚ್ಚಿದ ಕೈಗೆ ಈ ಹೆಸರು ಗೊತ್ತಿಲ್ಲ, ಅಷ್ಟೆ.

“ಹಾಗಾದರೆ ಮೊದಲೇ ಕಪ್ಪಗೆ ಯಾಕೆ ಬರಲ್ಲ?” ಮಾಕ್ ಚಿಕ್ ಬಿಡುವವರಲ್ಲ. ಶೀಸೆಯೊಳಗೆ ಒಗರೂ ಕಬ್ಬಿಣವೂ ಕೈಹಿಡಿದುಕೊಂಡೇ ಇರುತ್ತವೆ, ಆದರೆ ಗಾಳಿ ಸಿಗುವವರೆಗೆ ಅವಕ್ಕೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ, ನೀರಿನಲ್ಲಿ ಕರಗಿಕೊಂಡಿರುತ್ತವೆ. ಕಾಗದಕ್ಕೆ ಇಳಿದು ಎಳೆಯೊಳಗೆ ಹೊಕ್ಕ ಮೇಲೆ ಗಾಳಿ ತಗುಲಿ ಕಪ್ಪಾಗುತ್ತವೆ, ಆಮೇಲೆ ನೀರಿಗೂ ಜಗ್ಗುವುದಿಲ್ಲ. ಬಣ್ಣವಿಲ್ಲದ ಮಸಿಯಲ್ಲಿ ಬರೆದರೆ ಬರೆಯುವವನಿಗೆ ತಾನೇನು ಬರೆದೆ ಅಂತ ಕಾಣಬೇಡವೇ? ಅದಕ್ಕೇ ಕಾಣಲಿಕ್ಕೆಂದು ಒಂದು ಬಣ್ಣ ಸೇರಿಸುತ್ತಾರೆ. ಲಂಡನ್ನಿನಲ್ಲಿ 1832ರಲ್ಲಿ ಮಸಿ ವ್ಯಾಪಾರ ಶುರುಮಾಡಿದ ಹೆನ್ರಿ ಸ್ಟೀಫನ್ಸ್ ಎಂಬ ವೈದ್ಯ ಇದನ್ನು ಮನೆಮಾತು ಮಾಡಿದ. ಓದುವ ಕಾಲದಲ್ಲಿ ಕವಿ ಕೀಟ್ಸನ ಜೊತೆ ಬಾಡಿಗೆ ಮನೆ ಹಂಚಿಕೊಂಡವನು. ಗೆಳೆಯ ಕವಿತೆ ಬರೆದ, ಇವನು ಬರೆಯುವ ಮಸಿ ಮಾಡಿದ. ಅವನ ಮಸಿ ನೀಲಿಯಾಗಿ ಇಳಿದು ಕಪ್ಪಾಗುತ್ತಿತ್ತು. ನಾನು ಕಚೇರಿಯಲ್ಲಿ ಬ್ಲೂ ಬ್ಲ್ಯಾಕ್, ಬ್ಲೂ ಬ್ಲ್ಯಾಕ್ ಅಂತ ಜಪ ಮಾಡಿದ್ದೆನಲ್ಲ, ಆ ಹೆಸರು ಒಂದು ಬಣ್ಣದ ಹೆಸರಲ್ಲ, ಒಂದು ಪ್ರಯಾಣದ ಹೆಸರು ಅಂತ ನನಗೆ ತಿಳಿದದ್ದು ಪಿಂಚಣಿ ಬರಲು ಶುರುವಾದ ಮೇಲೆ.

“ಅಂದರೆ ಬಣ್ಣ ತೋರಿಕೆಗೆ, ನಿಲ್ಲೋದು ಕಬ್ಬಿಣ” ಅಂತ ಮಾಕ್ ಚಿಕ್ ನನ್ನ ಇಡೀ ಭಾಷಣವನ್ನು ಐದು ಪದದಲ್ಲಿ ಮುಗಿಸಿದರು. ಆಮೇಲೆ ಎಡಗೈ ತೋರುಬೆರಳು ಎತ್ತಿ ನನ್ನ ಮುಂದೆ ಹಿಡಿದರು. “ಇದಕ್ಕೂ ಒಂದು ಸಲ ಹಾಕಿದ್ದರು.”

2013ರ ಮೇ 5ರ ಚುನಾವಣೆಯ ಮಾತು. ಮಲೇಷ್ಯಾದ ಮಹಾಚುನಾವಣೆಯಲ್ಲಿ ಬೆರಳಿಗೆ ಮಸಿ ಹಾಕಿದ್ದು ಅದೇ ಮೊದಲು. 2008ರಲ್ಲೇ ಹಾಕಬೇಕಿತ್ತು, ಭಾರತದಿಂದ ಮಸಿಯೂ ಬಂದಿತ್ತು, ಮತದಾನಕ್ಕೆ ನಾಲ್ಕು ದಿನವಿದೆ ಅನ್ನುವಾಗ ಬೇಡ ಅಂತ ನಿಲ್ಲಿಸಿದರು. ಬೆರಳಿನ ಮಸಿ ಅಂದ ಕೂಡಲೇ ನನ್ನ ಎದೆ ಉಬ್ಬಿತು. ಕನ್ನಡಿಗನ ಮುಂದೆ ಆ ಮಾತು ಎತ್ತಬಾರದು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ, 1962ರಿಂದ ಭಾರತದ ಚುನಾವಣೆಗೆ ಮಸಿ ಕೊಡುವುದು ಅದೇ, 25ಕ್ಕೂ ಹೆಚ್ಚು ದೇಶಗಳಿಗೆ ಕಳಿಸುತ್ತೆ. ಅದೂ ಬಣ್ಣ ಬದಲಿಸುವ ಮಸಿಯೇ! ಹಾಕುವಾಗ ನೇರಳೆ, ಬಿಸಿಲು ಕಂಡ ಮೇಲೆ ಕಪ್ಪು. ಅಲ್ಲಿ ಕಬ್ಬಿಣದ ಬದಲು ಬೆಳ್ಳಿಯ ಉಪ್ಪು, ಗಾಳಿಯ ಬದಲು ಬೆಳಕು. ಉಗುರು ಬೆಳೆದು ಕತ್ತರಿಸುವವರೆಗೂ ಹೋಗುವುದಿಲ್ಲ.

“ನಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗಲೇ ಹೋಯ್ತು” ಅಂದರು ಮಾಕ್ ಚಿಕ್, ತಣ್ಣಗೆ. ಆಗ ಇದೇ ದೂರು ದೇಶದ ತುಂಬ ಎದ್ದಿತ್ತು. ಅದರಲ್ಲಿ ರಾಸಾಯನಿಕ ಇರಲಿಲ್ಲ, ತಿನ್ನುವ ಪದಾರ್ಥಕ್ಕೆ ಹಾಕುವ ಬಣ್ಣ ಮಾತ್ರ ಇತ್ತು ಅಂತ ಆಮೇಲೆ ಪಾರ್ಲಿಮೆಂಟಿನಲ್ಲಿ ಮಂತ್ರಿಗಳೇ ಉತ್ತರ ಕೊಟ್ಟರು. “ನೋಡಿ, ನೀವೇ ಹೇಳಿದಿರಲ್ಲ” ಅಂದೆ, “ಬಣ್ಣ ತೋರಿಕೆಗೆ. ಬೆಳ್ಳಿ ಇಲ್ಲದ ಮೇಲೆ ನಿಲ್ಲೋದು ಯಾವುದು?”

ಗೆದ್ದೆ ಅಂತ ಬೀಗಿ ಪೆನ್ನು ಝಾಡಿಸಿದೆ. ಅದೇ ತಪ್ಪಾಯಿತು. ಹೊಸ ಬಿಳಿ ಪಂಚೆಯ ಮೇಲೆ ಏಳೆಂಟು ಹಳದಿ ಚುಕ್ಕೆ. ಇಲ್ಲಿನ ಸೆಕೆಯಲ್ಲಿ ಪಂಚೆ ಒಣಗುವುದೇ ನಿಧಾನ, ಚುಕ್ಕೆ ಕಪ್ಪಾಗುವುದು ಮಾತ್ರ ಚುರುಕು. ಊಟದ ಹೊತ್ತಿಗೆ ನಾನು ಎಳ್ಳು ಚೆಲ್ಲಿದ ರೊಟ್ಟಿಯಂತೆ ಕಾಣುತ್ತಿದ್ದೆ. “ಈ ವಯಸ್ಸಿನಲ್ಲಿ ಮಸಿ ಬಳಿದುಕೊಳ್ಳೋಕೆ ಮಲೇಷ್ಯಾಕ್ಕೆ ಬರಬೇಕಿತ್ತಾ?” ಅಂದಳು ನಮ್ಮವಳು. ಮಾಕ್ ಚಿಕ್ ಬೇಲಿಯಾಚೆಯ ಕುಂಡದಿಂದ ನಾಲ್ಕು ಲಿಮಾವ್ ಕಸ್ತೂರಿ ಕಿತ್ತು ಕೊಟ್ಟರು. ಹೆಸರು ಕಸ್ತೂರಿ, ಗಾತ್ರ ಗೋಲಿ, ಹುಳಿ ಮಾತ್ರ ಹಲ್ಲು ಜುಮ್ಮೆನ್ನುವಷ್ಟು. “ಉಪ್ಪು ಹಾಕಿ ಉಜ್ಜಿ, ಬಿಸಿಲಿಗೆ ಇಡಿ.” ಉಜ್ಜಿದ್ದಾಯಿತು. ಹುಳಿಯೊಳಗಿನ ಆಮ್ಲ ಕಪ್ಪಾದ ಕಬ್ಬಿಣವನ್ನು ಮತ್ತೆ ಕರಗುವ ಸ್ಥಿತಿಗೆ ಎಳೆಯುತ್ತೆ. ಪೆನ್ನಿನೊಳಗೆ ಈ ಮಸಿ ಕಟ್ಟಿಕೊಂಡರೆ ತೊಳೆಯುವುದಕ್ಕೂ ವಿಟಮಿನ್ ಸಿ ನೀರನ್ನೇ ಬಳಸುತ್ತಾರೆ. ಸಂಜೆಗೆ ಚುಕ್ಕೆಗಳು ಮಸುಕಾಗಿ, ನೋಡುವವರು ಸಾರಿನ ಕಲೆ ಅಂದುಕೊಳ್ಳುವಷ್ಟಾದವು. ಸಿಟ್ರಸ್ ಹೆಸರಿನ ಮಸಿ ಸಿಟ್ರಸ್ ಹಣ್ಣಿಗೆ ಸೋತಿತು.

ಇದಾದ ಎರಡು ದಿನಕ್ಕೆ ಮಾಕ್ ಚಿಕ್ ಒಂದು ಹಳೆಯ ನೋಟುಪುಸ್ತಕ ತಂದರು. ಅವರ ತಂದೆ ಶಾಲೆಯ ಮೇಷ್ಟ್ರು. ಮನೆಯಲ್ಲಿ ಹುಟ್ಟಿದ ಮಕ್ಕಳ ದಿನ, ಹೊತ್ತು, ತೂಕ ಎಲ್ಲವನ್ನೂ ಜಾವಿ ಲಿಪಿಯಲ್ಲಿ ಬರೆದಿಟ್ಟಿದ್ದರು. ಜಾವಿ ಅಂದರೆ ಅರಬ್ಬಿ ಅಕ್ಷರದಲ್ಲಿ ಬರೆಯುವ ಮಲಯ. ಓದಲು ನನಗೆ ಬರಲಿಲ್ಲ, ಮಸಿ ಮಾತ್ರ ಕಂಡ ತಕ್ಷಣ ಪರಿಚಯ ಹೇಳಿಕೊಂಡಿತು. ಕಪ್ಪು ಹಳೆಯದಾಗಿ ಕಂದಾಗಿದೆ, ಗೆರೆಯ ಸುತ್ತ ಚಹಾ ಚೆಲ್ಲಿದಂಥ ಅಂಚು, ಹಾಳೆ ತಿರುಗಿಸಿದರೆ ಹಿಂದುಗಡೆಯೂ ಅಕ್ಷರದ ನೆರಳು. ನನ್ನ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಕಂಡದ್ದೂ ಇದನ್ನೇ. ಈ ಮಸಿಯಲ್ಲಿ ಹುಳಿ ಜಾಸ್ತಿಯಾದರೆ, ಊರಿನಲ್ಲಿ ತೇವವೂ ಜಾಸ್ತಿಯಿದ್ದರೆ, ಅದು ಕಾಗದವನ್ನೇ ತಿನ್ನುತ್ತೆ. ಜಕಾರ್ತದ ದಫ್ತರಖಾನೆಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿ ಅಕ್ಷರಗಳೇ ಉದುರಿ ಹಾಳೆ ಜಾಲರಿಯಾದದ್ದುಂಟು. ಮೇಷ್ಟ್ರ ಪುಸ್ತಕಕ್ಕೆ ಆ ಗತಿ ಬಂದಿರಲಿಲ್ಲ.

“ಮೊಮ್ಮಗಳದ್ದೂ ಇದರಲ್ಲೇ ಇರಲಿ. ನನ್ನ ಕೈ ನಡುಗುತ್ತೆ. ನಿಮ್ಮ ಹೋಗದ ದಾಕ್ವಾತಿನಲ್ಲಿ ಬರೆದುಕೊಡಿ, ಇಂಗ್ಲಿಷ್ ಅಕ್ಷರದಲ್ಲೇ ಇರಲಿ” ಅಂದರು. ಇಂಗ್ಲೆಂಡಿನಲ್ಲಿ ಜನನ, ಮದುವೆಗಳ ಪುಸ್ತಕಕ್ಕೆ ಇದೇ ಜಾತಿಯ ಮಸಿ ಬಳಸುತ್ತಿದ್ದರು, ರಿಜಿಸ್ಟ್ರಾರ್ ಮಸಿ ಅಂತಲೇ ಹೆಸರು ಅಂತ ನಾನೇ ಹಿಂದಿನ ದಿನ ಕೊಚ್ಚಿಕೊಂಡಿದ್ದೆ. ನಿವೃತ್ತ ಗುಮಾಸ್ತನಿಗೆ ಒಂದು ರಿಜಿಸ್ಟರು ಸಿಕ್ಕಿತು ಅಂದರೆ ಕೇಳಬೇಕೇ? ಕೈ ತೊಳೆದು, ಪೆನ್ನಿನ ಮೂತಿ ಒರೆಸಿ, ಜಗಲಿಯ ಮೇಲೆ ಕೂತೆ. ಅವರು ಬೇಲಿಯಾಚೆಯಿಂದ ಹೇಳಿದರು, ನಾನು ಬರೆದೆ: ಹೆಸರು, ತಾರೀಕು, ತೂಕ. ಕೊಟ್ಟರೆ ಮಾಕ್ ಚಿಕ್ ಮುಖ ಸಣ್ಣದಾಯಿತು. ತಂದೆಯ ಕಂದು ಅಕ್ಷರದ ಕೆಳಗೆ ನನ್ನ ಹಳದಿ ಇದ್ದೂ ಇಲ್ಲದಂತೆ ಕೂತಿತ್ತು. “ಕುನಿಂಗ್” ಅಂದರು. ಹಳದಿ ಅಂತ. “ನಾಳೆ ನೋಡಿ” ಅಂದೆ.

ಮಾರನೆಯ ಬೆಳಗ್ಗೆ ನಾನಿನ್ನೂ ಕಾಫಿಗೆ ಕಾಯುತ್ತಿದ್ದೆ, ಬೇಲಿ ಗಲಗಲ ಅಂದಿತು. “ಅಂಕಲ್, ಹಿತಾಮ್! ಹಿತಾಮ್!” ಕಪ್ಪಾಗಿದೆ! ಓಡಿದೆ. ನಿಜ, ಅಕ್ಷರಗಳು ತಂದೆಯ ಬರಹದ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದವು. ಮಾಕ್ ಚಿಕ್ ಬೆರಳಿಟ್ಟು ಓದುತ್ತಾ ಹೋದವರು ತೂಕದ ಹತ್ತಿರ ನಿಂತರು. “ಇದೇನು?”

ಇಣುಕಿ ನೋಡಿದೆ. ೩೨೦೦ ಗ್ರಾಂ. ತಾರೀಕನ್ನು ನೆಟ್ಟಗೆ ಬರೆದ ಕೈ, ತೂಕ ಅಂದ ಕೂಡಲೇ ಎಕರೆ ಗುಂಟೆ ನೆನಪಾಗಿ ಕನ್ನಡ ಅಂಕಿಗೆ ಜಾರಿಬಿಟ್ಟಿದೆ! ಹಿಂದಿನ ದಿನದ ಹಳದಿಯಲ್ಲಿ ಇಬ್ಬರಿಗೂ ಅದು ಕಂಡಿರಲಿಲ್ಲ, ಕಾಣುವ ಹೊತ್ತಿಗೆ ಅಳಿಸುವ ಕಾಲ ಮೀರಿತ್ತು. ಕಸ್ತೂರಿ ನಿಂಬೆ ಉಜ್ಜೋಣವೇ ಅಂತ ಬಾಯಿಗೆ ಬಂತು. ಮೇಷ್ಟ್ರ ಹಾಳೆಯೇ ತೂತಾಗುತ್ತೆ ಅಂತ ನುಂಗಿಕೊಂಡೆ.

ಮಾಕ್ ಚಿಕ್ ಮಾತ್ರ ಕೊನೆಯ ಎರಡು ಅಂಕಿಗಳ ಮೇಲೆ ಬೆರಳು ಆಡಿಸುತ್ತಿದ್ದರು. “ಮುಂದಿನ ಎರಡು ಗೊತ್ತಾಗ್ಲಿಲ್ಲ. ಇದು ಐದು, ಐದು. ಐವತ್ತೈದು.” ಅಲ್ಲ, ಅದು ಸೊನ್ನೆ ಅಂದೆ. ಅವರು ಮೇಲಿನ ಸಾಲಿನಲ್ಲಿ ತಂದೆಯ ಕೈಬರಹ ತೋರಿಸಿದರು. ಜಾವಿಯಲ್ಲಿ ಐದು ಅಂದರೆ ಅದೇ ದುಂಡಗಿನ ಉಂಗುರ. ಸೊನ್ನೆ ಅಂದರೆ ಬರೀ ಒಂದು ಚುಕ್ಕೆ.

31 ವರ್ಷ ಸರ್ಕಾರಿ ಪುಸ್ತಕದಲ್ಲಿ ಒಂದು ಚಿತ್ತಿಲ್ಲದೆ ಬರೆದವನು ನಾನು. ತಲೆ ತಗ್ಗಿಸಿ ಕ್ಷಮೆ ಕೇಳಿದೆ. ಮಾಕ್ ಚಿಕ್ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡರು.

“ಬಿಡಿ ಅಂಕಲ್. ಮಗು ಐವತ್ತೈದು ಗ್ರಾಂ ಜಾಸ್ತಿ ತೂಗಿದರೆ ಯಾವ ಅಜ್ಜಿಗೆ ಬೇಡ?”